ಮೊಲೊಕಾಯಿಯ ಸಂತ ಡೇಮಿಯನ್: ಎರಡು ಭಾವಚಿತ್ರಗಳ ನಡುವಿನ ಬದುಕು

ಮೇ 10ರಂದು ಧರ್ಮಸಭೆಯು ಮೊಲೊಕಾಯಿಯ ಸಂತ ಡೇಮಿಯನ್ ಅವರ ಹಬ್ಬವನ್ನು ಆಚರಿಸುತ್ತದೆ. ಇವರ ಹೆಸರು ನಮ್ಮ ಕರಾವಳಿಯ ಕ್ರೈಸ್ತರಿಗೆ ಹೊಸದಲ್ಲ. ಕೆಲವು ಕಾನ್ವೆಂಟುಗಳ ವರಾಂಡದಲ್ಲಿ, ಆಸ್ಪತ್ರೆಗಳ ಪ್ರಾರ್ಥನಾ ಮಂದಿರಗಳಲ್ಲಿ ಇವರ ಚಿತ್ರವನ್ನೂ ನೋಡಿದವರಿದ್ದೇವೆ. ಸಾಮಾನ್ಯವಾಗಿ ಕಾಣಸಿಗುವುದು ಕೈಯಲ್ಲಿ ಶಿಲುಬೆ ಹಿಡಿದು ನಿಂತ, ಗುಂಗುರು ಕೂದಲಿನ, ಗಟ್ಟಿಮುಟ್ಟಾದ ಒಬ್ಬ ತರುಣನ ಚಿತ್ರ. ಅದು 1863ರಲ್ಲಿ, ಅವರು ಮಿಷನ್ ಕೆಲಸಕ್ಕೆ ಹಡಗು ಹತ್ತುವ ಮೊದಲು ತೆಗೆಸಿಕೊಂಡದ್ದು. ಇನ್ನೊಂದು ಚಿತ್ರವೂ ಇದೆ. ಅದು 1889ರದ್ದು, ಮರಣಕ್ಕೆ ಕೆಲವೇ ವಾರಗಳ ಮೊದಲು ಒಬ್ಬ ವೈದ್ಯರು ತೆಗೆದದ್ದು. ಅದರಲ್ಲಿ ಮುಖ ಊದಿಕೊಂಡಿದೆ, ಹುಬ್ಬು ಉದುರಿದೆ, ಕಿವಿ ದಪ್ಪವಾಗಿ ಜೋತುಬಿದ್ದಿದೆ, ಕೈಬೆರಳುಗಳ ಮೇಲೆ ಗಾಯಗಳಿವೆ. ಈ ಎರಡನೆಯ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದನ್ನು ನಾನಂತೂ ನೋಡಿಲ್ಲ.

ಸಂತರಾದದ್ದು ಇಬ್ಬರೂ ಒಬ್ಬರೇ. ಆದರೆ ನಾವು ಗೋಡೆಗೆ ಆರಿಸಿಕೊಳ್ಳುವುದು ಒಬ್ಬರನ್ನು ಮಾತ್ರ. ಏಕೆ ಹೀಗೆ? ಡೇಮಿಯನ್ ಅವರ ಜೀವನವನ್ನು ಈ ಪ್ರಶ್ನೆ ಇಟ್ಟುಕೊಂಡು ಮತ್ತೊಮ್ಮೆ ಓದಬೇಕು ಅನ್ನಿಸಿದ್ದರಿಂದ ಈ ಲೇಖನ.

ಅವರ ಹುಟ್ಟು ಹೆಸರು ಜೋಸೆಫ್ ಡಿ ವೂಸ್ಟರ್. 1840ರ ಜನವರಿ 3ರಂದು ಬೆಲ್ಜಿಯಂ ದೇಶದ ಲೂವೆನ್ ನಗರದ ಸಮೀಪದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಕೃಷಿಕರು, ಧಾನ್ಯದ ವ್ಯಾಪಾರವೂ ಇತ್ತು. ದೊಡ್ಡ ಕುಟುಂಬ, ಭಕ್ತಿಯ ಮನೆ. ಮಗ ವ್ಯಾಪಾರ ನೋಡಿಕೊಳ್ಳಲಿ ಎಂಬುದು ತಂದೆಯ ಆಸೆ. ಆದರೆ ಅಣ್ಣ ಪ್ಯಾಂಫೀಲ್ ಆಗಲೇ ಯೇಸು ಮತ್ತು ಮರಿಯಳ ಪವಿತ್ರ ಹೃದಯಗಳ ಸಭೆಯನ್ನು ಸೇರಿದ್ದರು. 1859ರಲ್ಲಿ ತಮ್ಮನೂ ಅದೇ ಹಾದಿ ಹಿಡಿದು ಡೇಮಿಯನ್ ಎಂಬ ಹೆಸರು ಪಡೆದರು. 1860ರ ಅಕ್ಟೋಬರ್‌ನಲ್ಲಿ ಪ್ಯಾರಿಸಿನಲ್ಲಿ ವ್ರತ ಸ್ವೀಕರಿಸುವಾಗ, ಸಭೆಯ ಪದ್ಧತಿಯಂತೆ ಅವರನ್ನು ನೆಲದ ಮೇಲೆ ಮಲಗಿಸಿ ಶವದ ಮೇಲೆ ಹೊದಿಸುವ ಕಪ್ಪು ಬಟ್ಟೆಯನ್ನು ಹೊದಿಸಲಾಯಿತು. ಲೋಕಕ್ಕೆ ಸತ್ತಂತೆ ಎಂಬುದು ಅದರ ಅರ್ಥ. ಆ ಬಟ್ಟೆಯ ನೆನಪು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಹವಾಯಿ ದ್ವೀಪಗಳಿಗೆ ಹೋಗಬೇಕಾಗಿದ್ದವರು ಅಣ್ಣ. ಹೊರಡುವ ಹೊತ್ತಿಗೆ ಅವರಿಗೆ ಟೈಫಸ್ ಜ್ವರ ಬಂತು. ತಮ್ಮ ತಮ್ಮ ಮೇಲಧಿಕಾರಿಗಳನ್ನು ದಾಟಿ ನೇರವಾಗಿ ಪ್ಯಾರಿಸಿನಲ್ಲಿದ್ದ ಮಹಾಶ್ರೇಷ್ಠರಿಗೇ ಪತ್ರ ಬರೆದು ಅಣ್ಣನ ಜಾಗ ಕೇಳಿ ಪಡೆದರು. ಆಗಿನ್ನೂ ಗುರುದೀಕ್ಷೆಯಾಗಿರಲಿಲ್ಲ! ಈ ಹಟ, ಈ ಆತುರ ಅವರ ಸ್ವಭಾವ. ಮುಂದೆ ಅನೇಕರಿಗೆ ಇದರಿಂದ ಕಿರಿಕಿರಿಯಾದದ್ದೂ ಉಂಟು. ಐದು ತಿಂಗಳ ಹಡಗಿನ ಪ್ರಯಾಣದ ನಂತರ 1864ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನವೇ ಹೊನೊಲುಲು ತಲುಪಿದರು. ಮೇ 21ರಂದು ಅಲ್ಲಿನ ಕಥೀಡ್ರಲಿನಲ್ಲಿ ಗುರುದೀಕ್ಷೆಯಾಯಿತು. ಮುಂದಿನ ಒಂಬತ್ತು ವರ್ಷ ದೊಡ್ಡ ದ್ವೀಪದಲ್ಲಿ ಬೆಟ್ಟ ಹತ್ತಿ ಇಳಿದು, ಸಣ್ಣ ಸಣ್ಣ ಇಗರ್ಜಿಗಳನ್ನು ತಮ್ಮ ಕೈಯಾರೆ ಕಟ್ಟುತ್ತ ಕಳೆದರು. ಮರಗೆಲಸ ಅವರಿಗೆ ಚೆನ್ನಾಗಿ ಬರುತ್ತಿತ್ತು.

ಈ ನಡುವೆ ಹವಾಯಿಯಲ್ಲಿ ಕುಷ್ಠರೋಗ ಹರಡುತ್ತಿತ್ತು. ಹೊರಗಿನಿಂದ ಬಂದ ಈ ರೋಗಕ್ಕೆ ಅಲ್ಲಿನ ಮೂಲನಿವಾಸಿಗಳು ಬಹಳವಾಗಿ ತುತ್ತಾದರು. 1865ರಲ್ಲಿ ಅರಸ ಐದನೆಯ ಕಮೆಹಮೆಹ ಕಾಲದಲ್ಲಿ ಒಂದು ಕಾನೂನು ಬಂತು. ರೋಗ ಇದೆಯೆಂದು ಖಚಿತವಾದವರನ್ನು ಹಿಡಿದು ಮೊಲೊಕಾಯಿ ದ್ವೀಪದ ಒಂದು ಮೂಲೆಗೆ ಸಾಗಿಸುವ ಕಾನೂನು ಅದು. 1866ರ ಜನವರಿಯಲ್ಲಿ ಮೊದಲ ಹನ್ನೆರಡು ಮಂದಿಯನ್ನು ಇಳಿಸಲಾಯಿತು. ಆ ಜಾಗದ ಹೆಸರು ಕಲಾವಾವೊ, ಪಕ್ಕದ್ದು ಕಲೌಪಪ. ಮೂರು ಕಡೆ ಸಮುದ್ರ. ಬೆನ್ನಿಗೆ ಸುಮಾರು 2,000 ಅಡಿ ಎತ್ತರದ ಕಡಿದಾದ ಬಂಡೆಗೋಡೆ. ಜೈಲಿಗೆ ಬೇರೆ ಬೇಲಿ ಬೇಕಿರಲಿಲ್ಲ. ಗಂಡ ಹೆಂಡತಿ ಬೇರ್ಪಟ್ಟರು, ತಾಯಿ ಮಕ್ಕಳು ಬೇರ್ಪಟ್ಟರು. ಈ ಪ್ರತ್ಯೇಕತೆಯ ಕಾನೂನು 1969ರವರೆಗೂ ಒಂದಲ್ಲ ಒಂದು ರೂಪದಲ್ಲಿ ನಡೆಯಿತು. ಅಷ್ಟರಲ್ಲಿ ಸುಮಾರು 8,000 ಜನರನ್ನು ಅಲ್ಲಿಗೆ ಕಳಿಸಲಾಗಿತ್ತು.

ರೋಗಿಗಳನ್ನು ಕಣ್ಣಿಗೆ ಕಾಣದಂತೆ ಮಾಡುವುದೇ ಆ ಕಾನೂನಿನ ಉದ್ದೇಶವಾಗಿತ್ತು. ಔಷಧಿ ಇರಲಿಲ್ಲ. ನಾರ್ವೆಯ ವೈದ್ಯ ಹಾನ್ಸೆನ್ ಅವರು ಕುಷ್ಠಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಗುರುತಿಸಿದ್ದು 1873ರಲ್ಲಿ. ಫಾದರ್ ಡೇಮಿಯನ್ ಮೊಲೊಕಾಯಿಗೆ ಕಾಲಿಟ್ಟದ್ದೂ ಅದೇ ವರ್ಷ.

1873ರ ಮೇ ತಿಂಗಳ ಆರಂಭದಲ್ಲಿ ಮೌಯಿ ದ್ವೀಪದ ವೈಲುಕುವಿನಲ್ಲಿ ಹೊಸ ಇಗರ್ಜಿಯ ಆಶೀರ್ವಾದಕ್ಕೆ ಗುರುಗಳು ಸೇರಿದ್ದರು. ಧರ್ಮಾಧ್ಯಕ್ಷ ಮೈಗ್ರೆ ಅವರು ಕಲಾವಾವೊ ಜನರಿಗೆ ಗುರುಗಳಿಲ್ಲದ ಸಂಗತಿಯನ್ನು ಮುಂದಿಟ್ಟರು. ಆದರೆ ಯಾರಿಗೂ ಆಜ್ಞೆ ಮಾಡಲು ಅವರು ಸಿದ್ಧರಿರಲಿಲ್ಲ. ನಾಲ್ವರು ತಾವಾಗಿಯೇ ಮುಂದೆ ಬಂದರು. ಸರದಿಯಂತೆ ಹೋಗಿಬರುವುದೆಂದು ತೀರ್ಮಾನವಾಯಿತು. ಮೊದಲ ಸರದಿ ಡೇಮಿಯನ್ ಅವರದು. ಮೇ 10ರಂದು ಧರ್ಮಾಧ್ಯಕ್ಷರೊಡನೆ ಅಲ್ಲಿ ಇಳಿದರು. ಆಗ ವಯಸ್ಸು 33. ಉಳಿಯಲು ಮನೆ ಇರಲಿಲ್ಲ. ಮೊದಲ ದಿನಗಳಲ್ಲಿ ಇಗರ್ಜಿಯ ಪಕ್ಕದ ಕೇದಿಗೆ ಜಾತಿಯ ಒಂದು ಮರದಡಿ ಮಲಗಿದರು. ಎರಡನೆಯವರ ಸರದಿ ಬರಲೇ ಇಲ್ಲ. ಇವರೇ ಉಳಿದುಬಿಟ್ಟರು.

ಇಲ್ಲಿಂದಲೇ ಪತ್ರಿಕೆಗಳ ಕಥೆಯೂ ಶುರುವಾಗುತ್ತದೆ. ಹೊನೊಲುಲುವಿನ ಪತ್ರಿಕೆಯೊಂದು ಕೆಲವೇ ದಿನಗಳಲ್ಲಿ ಅವರನ್ನು ಕ್ರೈಸ್ತ ವೀರನೆಂದು ಹೊಗಳಿ ಬರೆಯಿತು. ಅವರು ಅಲ್ಲಿ ಇನ್ನೂ ಏನನ್ನೂ ಮಾಡಿರಲಿಲ್ಲ! ಪತ್ರಿಕೆಗೆ ಬೇಕಾದದ್ದು ಸಿಕ್ಕಿತ್ತು: ಒಬ್ಬ ಬಿಳಿಯ ಯುವ ಗುರು, ಸುತ್ತ ನೂರಾರು ನತದೃಷ್ಟರು. ಆ ನೂರಾರು ಮಂದಿಗೆ ಹೆಸರಿರಲಿಲ್ಲ, ಗುರುವಿಗೆ ಮಾತ್ರ ಇತ್ತು. ಈ ಚೌಕಟ್ಟು ಮುಂದೆ ನೂರು ವರ್ಷವಾದರೂ ಹೆಚ್ಚು ಬದಲಾಗಲಿಲ್ಲ.

ವಾಸ್ತವದಲ್ಲಿ ಅಲ್ಲಿದ್ದವರು ಸುಮ್ಮನೆ ನರಳುತ್ತ ಬಿದ್ದವರಲ್ಲ. ರಾಣಿ ಎಮ್ಮಾ ಅವರ ಸಂಬಂಧಿಯಾದ ಪೀಟರ್ ಕಾಯೊ ಅವರೂ ರೋಗಿಯಾಗಿ 1873ರಲ್ಲೇ ಅಲ್ಲಿಗೆ ಬಂದರು. ಅವರು ರಾಣಿಗೆ ಬರೆದ ಪತ್ರಗಳು ಆ ಊರಿನ ಊಟ, ಜಗಳ, ಹವೆ, ರಾಜಕೀಯ ಎಲ್ಲವನ್ನೂ ಹೇಳುತ್ತವೆ. ವಿಲಿಯಂ ರ‍್ಯಾಗ್ಸ್‌ಡೇಲ್ ಎಂಬ ರೋಗಿ ವಕೀಲರು ಊರಿನ ಮೇಲ್ವಿಚಾರಣೆ ನೋಡಿಕೊಂಡರು. 1879ರಲ್ಲಿ ಬಂದ ಆಂಬ್ರೋಸ್ ಹಚಿಸನ್ ಅವರೂ ರೋಗಿಯೇ. ಬಹುಕಾಲ ಅದೇ ಹುದ್ದೆಯಲ್ಲಿದ್ದು, ಡೇಮಿಯನ್ ಅವರ ಬಗ್ಗೆ ತಮ್ಮ ನೆನಪುಗಳನ್ನು ಬರೆದಿಟ್ಟರು. ರೋಗವಿಲ್ಲದಿದ್ದರೂ ತಮ್ಮವರನ್ನು ಬಿಡಲಾರದೆ ಜೊತೆಗೆ ಬಂದ ಗಂಡಂದಿರು, ಹೆಂಡಂದಿರು ಇದ್ದರು. ಅವರನ್ನು ಹವಾಯಿ ಭಾಷೆಯಲ್ಲಿ ಕೊಕುವಾ ಎನ್ನುತ್ತಿದ್ದರು, ಅಂದರೆ ಸಹಾಯಕರು. ನಮ್ಮ ಸಂತ ಚರಿತ್ರೆಗಳಲ್ಲಿ ಇವರ ಹೆಸರು ನೋಡಿದ ನೆನಪು ನನಗಿಲ್ಲ.

ಡೇಮಿಯನ್ ಅವರು ಮಾಡಿದ್ದಾದರೂ ಏನು? ಮರದ ಕೆಲಸ ಮಾಡಿದರು. ನೂರಾರು ಶವಪೆಟ್ಟಿಗೆಗಳನ್ನು ಮಾಡಿದರು, ಗುಂಡಿ ತೋಡಿದರು. ಅದಕ್ಕೆ ಮೊದಲು ಎಷ್ಟೋ ಹೆಣಗಳಿಗೆ ಪೆಟ್ಟಿಗೆಯೂ ಇರಲಿಲ್ಲ. ಕೊಳವೆಗಳನ್ನು ತರಿಸಿ ಕಣಿವೆಯ ನೀರನ್ನು ಊರಿಗೆ ಹಾಯಿಸಲು ದುಡಿದರು. 1874ರಲ್ಲಿ ಬಿರುಗಾಳಿ ಬಂದು ಗುಡಿಸಲುಗಳು ಹಾರಿಹೋದ ಮೇಲೆ ಮರದ ಮನೆಗಳನ್ನು ಕಟ್ಟಿದರು. ಅನಾಥ ಹುಡುಗ ಹುಡುಗಿಯರಿಗೆ ಬೇರೆ ಬೇರೆ ವಸತಿ ಮಾಡಿದರು. ಗಾಯ ತೊಳೆದು ಪಟ್ಟಿ ಕಟ್ಟಿದರು. ಒಂದೇ ಪಾತ್ರೆಯಿಂದ ಜನರೊಡನೆ ಕೈಹಾಕಿ ಉಂಡರು, ತಮ್ಮ ಪೈಪನ್ನು ಸೇದಲು ಅವರಿಗೂ ಕೊಟ್ಟರು. ಇದು ಅಜಾಗರೂಕತೆ ಎಂದು ವೈದ್ಯರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಹವಾಯಿ ಜನರಲ್ಲಿ ಜೊತೆಗೆ ಕುಳಿತು ಉಣ್ಣದವನು ಪರಕೀಯ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಸಂತ ಫಿಲೋಮಿನಾ ಇಗರ್ಜಿಯ ನೆಲದ ವಿಷಯ. ರೋಗ ಬಲಿತವರಿಗೆ ಬಾಯಿಯಲ್ಲಿ ಎಂಜಲು ತುಂಬಿಕೊಳ್ಳುತ್ತದೆ, ಉಗುಳದೆ ಇರಲಾಗದು. ದೇವಾಲಯದ ನೆಲ ಹಾಳಾದೀತೆಂದು ನಾಚಿಕೆಪಟ್ಟು ಅಂಥವರು ಪೂಜೆಯ ವೇಳೆ ಹೊರಗೇ ಕುಳಿತು ಕಿಟಕಿಯಿಂದ ಇಣುಕುತ್ತಿದ್ದರು. ಡೇಮಿಯನ್ ಅವರಿಗೆ ಇದು ತಿಳಿದಾಗ ಗರಗಸ ತೆಗೆದುಕೊಂಡು ಇಗರ್ಜಿಯ ಹಲಗೆ ನೆಲದಲ್ಲೇ ಚೌಕಾಕಾರದ ತೂತುಗಳನ್ನು ಕೊರೆದರು. ಎಲೆಯನ್ನು ಕೊಳವೆಯಂತೆ ಸುತ್ತಿ ಆ ತೂತಿನೊಳಗೆ ಉಗುಳಬಹುದು. ಜನ ಒಳಗೆ ಬಂದರು. ಆ ತೂತುಗಳನ್ನು ಇಂದಿಗೂ ಅಲ್ಲಿಗೆ ಹೋದವರು ನೋಡುತ್ತಾರೆ. ನಮ್ಮ ಎಷ್ಟು ಇಗರ್ಜಿಗಳಲ್ಲಿ ಗಾಲಿಕುರ್ಚಿಯವರು ಮುಂಬಾಗಿಲಿನ ಮೆಟ್ಟಿಲ ಬುಡದಲ್ಲೇ ಉಳಿಯುತ್ತಾರೆ, ಪರಮ ಪ್ರಸಾದ ಅವರಿದ್ದಲ್ಲಿಗೆ ಇಳಿದು ಬರುತ್ತದೆ! ಅಮೃತಶಿಲೆ ಹಾಕಿಸಿದ ನೆಲವನ್ನು ಒಡೆದು ಇಳಿಜಾರು ಮಾಡಬೇಕೆಂದರೆ ಪಾಲನಾ ಪರಿಷತ್ತಿನಲ್ಲಿ ಎಷ್ಟು ಚರ್ಚೆ ನಡೆಯುತ್ತದೆಂದು ಗುರ್ಕಾರರಿಗೆ ಗೊತ್ತು. ಡೇಮಿಯನ್ ಅವರಿಗೆ ಗರಗಸ ಸಾಕಾಯಿತು.

ಅವರು ಅಲ್ಲಿ ಗಾಯನವೃಂದ ಕಟ್ಟಿದರು, ವಾದ್ಯವೃಂದ ಕಟ್ಟಿದರು. ಪರಮ ಪ್ರಸಾದದ ಹಬ್ಬಕ್ಕೆ ಬ್ಯಾಂಡಿನೊಡನೆ ಮೆರವಣಿಗೆ ಹೊರಡಿಸಿದರು. ಸತ್ತವರನ್ನು ಧ್ವಜ, ಬ್ಯಾಂಡು, ಹಾಡಿನೊಂದಿಗೆ ಮಣ್ಣು ಮಾಡಲು ಸಂಘ ಸ್ಥಾಪಿಸಿದರು. ನಿತ್ಯಾರಾಧನೆ ಆರಂಭಿಸಿದರು, ಸರದಿ ಬಂದಾಗ ಇಗರ್ಜಿಗೆ ಬರಲಾಗದವರು ಹಾಸಿಗೆಯ ಮೇಲೇ ಆ ಗಂಟೆಯನ್ನು ಪ್ರಾರ್ಥನೆಯಲ್ಲಿ ಕಳೆಯುತ್ತಿದ್ದರು. ಲೋಕ ಬಚ್ಚಿಟ್ಟವರನ್ನು ಅವರು ತಮ್ಮ ಊರಿನ ಬೀದಿಯಲ್ಲಾದರೂ ಹಬ್ಬದ ಬಟ್ಟೆ ಉಡಿಸಿ ನಡೆಸಿದರು.

ಸರಕಾರದ ಆರೋಗ್ಯ ಮಂಡಳಿಯವರು ಅವರಿಗೂ ಕೆಲಕಾಲ ಹೊರಗೆ ಬರಬಾರದೆಂದು ಕಟ್ಟುನಿಟ್ಟು ಮಾಡಿದರು. ಆಗ ನಡೆದ ಪ್ರಸಂಗ ಎಲ್ಲರಿಗೂ ಗೊತ್ತಿದ್ದದ್ದೇ. ಹಡಗಿನಲ್ಲಿ ಬಂದ ಶ್ರೇಷ್ಠರಿಗೆ ಇಳಿಯಲು ಅನುಮತಿ ಇಲ್ಲ, ಇವರಿಗೆ ಹತ್ತಲು ಅನುಮತಿ ಇಲ್ಲ. ಕೆಳಗೆ ಸಣ್ಣ ದೋಣಿಯಲ್ಲಿ ನಿಂತು ಎಲ್ಲರೆದುರು ಗಟ್ಟಿಯಾಗಿ ಕೂಗಿ ಪಾಪನಿವೇದನೆ ಮಾಡಿದರು.

ಸಿನಿಮಾಗಳಲ್ಲಿ, ನಾಟಕಗಳಲ್ಲಿ, ಪ್ರಬೋಧನೆಗಳಲ್ಲಿ ತಪ್ಪದೆ ಬರುವ ದೃಶ್ಯ ಒಂದಿದೆ. ರೋಗ ತಗುಲಿದ್ದು ಗೊತ್ತಾದ ಭಾನುವಾರ ಫಾದರ್ ಪೀಠದ ಬಳಿ ನಿಂತು, ಎಂದಿನ ಪ್ರಿಯ ಸಹೋದರರೇ ಎಂಬ ಮಾತು ಬಿಟ್ಟು ಕುಷ್ಠ ರೋಗಿಗಳಾದ ನಾವು ಎಂದು ಶುರುಮಾಡುತ್ತಾರೆ, ಜನ ಬಿಕ್ಕುತ್ತಾರೆ. ನೋಡುವವರ ಕಣ್ಣಲ್ಲೂ ನೀರು. ಆದರೆ ಸತ್ಯ ಹೀಗಿಲ್ಲ. ಅಲ್ಲಿಗೆ ಹೋದ ಮೊದಲ ವರ್ಷವೇ, ಮೈಯಲ್ಲಿ ಒಂದು ಚುಕ್ಕೆಯೂ ಇಲ್ಲದಾಗ, ತಾನು ಪ್ರಬೋಧನೆಯಲ್ಲಿ ನಾವು ಎಂದೇ ಮಾತಾಡುವುದಾಗಿ ಅಣ್ಣನಿಗೆ ಬರೆದಿದ್ದರು. ರೋಗ ಬಂದು ಅವರು ಆ ಜನರಲ್ಲಿ ಒಬ್ಬರಾಗಲಿಲ್ಲ. ಹನ್ನೊಂದು ವರ್ಷ ಮೊದಲೇ ಆಗಿದ್ದರು. ನಾಟಕದವರ ಕಥೆ ಕೇಳಲು ಚೆನ್ನ, ನಿಜಸಂಗತಿ ಅದಕ್ಕಿಂತ ದೊಡ್ಡದು.

1881ರಲ್ಲಿ ರಾಜಕುಮಾರಿ ಲಿಲಿಯುಕಲಾನಿ ಅಲ್ಲಿಗೆ ಭೇಟಿಯಿತ್ತರು. ಸೇರಿದ ಜನರನ್ನು ಕಂಡು ಸಿದ್ಧಮಾಡಿಕೊಂಡ ಭಾಷಣ ಮಾಡಲಾಗದೆ ಗದ್ಗದಿತರಾದರು. ಆಮೇಲೆ ಫಾದರ್‌ಗೆ ರಾಜಮರ್ಯಾದೆಯ ಪದಕ ಬಂತು. ಅವರು ಅದನ್ನು ಧರಿಸಿದ್ದು ಅಪರೂಪ. ಅಷ್ಟರಲ್ಲಿ ಯುರೋಪಿನಲ್ಲಿ ಅಣ್ಣ ಪ್ಯಾಂಫೀಲ್ ಅವರು ತಮ್ಮನ ಪತ್ರಗಳನ್ನು ಅಚ್ಚಿಗೆ ಕೊಡುತ್ತಿದ್ದರು. ಇದು ಡೇಮಿಯನ್ ಅವರಿಗೆ ಹಿಡಿಸಲಿಲ್ಲ. ಲೋಕಕ್ಕೆ ತಿಳಿಯದೆ ಇರಬಯಸಿದ್ದೆ, ಈಗ ಅಮೆರಿಕದವರೂ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಎಂದು ನೊಂದು, ಪ್ರಕಟಿಸಬೇಡವೆಂದು ಅಣ್ಣನಿಗೆ ಬರೆದರು. ಆದರೆ ಅದೇ ಪ್ರಚಾರದಿಂದ ಬಂದ ಹಣ ಬಟ್ಟೆ, ಔಷಧಿ, ಮನೆಗಳಾಗುತ್ತಿತ್ತು ಎಂಬುದೂ ನಿಜ. ಸೇವಾ ಸಂಸ್ಥೆಗಳಲ್ಲಿ ದುಡಿಯುವ ನಮ್ಮ ಸಿಸ್ಟರುಗಳಿಗೆ ಈ ಇಕ್ಕಟ್ಟು ಚೆನ್ನಾಗಿ ಗೊತ್ತು. ಮಕ್ಕಳ ದುಃಖದ ಮುಖ ಅಚ್ಚಾದರೆ ದಾನ ಬರುತ್ತದೆ, ಅಚ್ಚಾಗದಿದ್ದರೆ ಅಕ್ಕಿ ಮುಗಿಯುತ್ತದೆ.

1884ರ ಕೊನೆಯಲ್ಲಿ ಒಂದು ಸಂಜೆ ಅವರು ಬಿಸಿನೀರಿಗೆ ಕಾಲಿಟ್ಟರು. ಚರ್ಮದಲ್ಲಿ ಬೊಬ್ಬೆ ಎದ್ದಿತು, ನೋವಾಗಲಿಲ್ಲ. ಅವರಿಗೆ ಅರ್ಥವಾಯಿತು. ಮರುವರ್ಷ ವೈದ್ಯರು ಖಚಿತಪಡಿಸಿದರು. ಸುದ್ದಿ ಲೋಕವೆಲ್ಲ ಹಬ್ಬಿತು. ಲಂಡನ್ನಿನ ಆಂಗ್ಲಿಕನ್ ಪಾದ್ರಿ ಹ್ಯೂ ಚ್ಯಾಪ್ಮನ್ ಅವರು ಪತ್ರಿಕೆಯ ಮೂಲಕ ನಿಧಿ ಸಂಗ್ರಹಿಸಿ ಕಳಿಸಿದರು. ಹೊನೊಲುಲುವಿನಲ್ಲಿ ಮಾತ್ರ ಬೇರೆ ಗಾಳಿ. ಈ ಮನುಷ್ಯ ಒಬ್ಬನೇ ಎಲ್ಲ ಮಾಡುತ್ತಿದ್ದಾನೆಂದು ಹೊರದೇಶದ ಪತ್ರಿಕೆಗಳು ಬರೆದರೆ, ಹಣ ಖರ್ಚು ಮಾಡುತ್ತಿರುವ ಸರಕಾರಕ್ಕೂ ಇತರ ಮಿಷನರಿಗಳಿಗೂ ಅವಮಾನವಾಗುತ್ತದೆಂದು ಸ್ವಂತ ಮೇಲಧಿಕಾರಿಗಳೇ ಮುನಿಸಿಕೊಂಡರು. ಕೀರ್ತಿಯ ಆಸೆ ಎಂಬ ಮಾತೂ ಬಂತು. ರೋಗಕ್ಕಿಂತ ಈ ಮಾತು ಅವರನ್ನು ಹೆಚ್ಚು ನೋಯಿಸಿತು ಎಂದು ಅವರ ಪತ್ರಗಳನ್ನು ಓದಿದವರಿಗೆ ಅನ್ನಿಸುತ್ತದೆ.

ಪತ್ರಿಕೆಗಳು ಮಾಡಿದ ದೊಡ್ಡ ಗಾಯ ಇನ್ನೊಂದು. ಮಗನ ಮೈಯಿಂದ ಮಾಂಸ ಕಿತ್ತು ಬೀಳುತ್ತಿದೆ ಎಂಬಂಥ ಬಣ್ಣದ ವರದಿ ಬೆಲ್ಜಿಯಂನ ಪತ್ರಿಕೆಗಳಲ್ಲಿ ಬಂತು. ಎಂಬತ್ತು ದಾಟಿದ ತಾಯಿಯ ಕಿವಿಗೆ ಅದು ಬಿತ್ತು. ಆಕೆ ಚೇತರಿಸಿಕೊಳ್ಳಲಿಲ್ಲ, 1886ರಲ್ಲಿ ತೀರಿಕೊಂಡರು ಎಂದು ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಆಗ ಡೇಮಿಯನ್ ಅವರು ಓಡಾಡಿಕೊಂಡು, ಪೂಜೆ ಅರ್ಪಿಸಿಕೊಂಡು, ಮನೆ ಕಟ್ಟುತ್ತಲೇ ಇದ್ದರು. ಬರೆದವರಿಗೆ ಅದು ಬೇಕಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಸಹಾಯಕರು ಬಂದರು. 1886ರಲ್ಲಿ ಜೋಸೆಫ್ ಡಟನ್, 1888ರಲ್ಲಿ ಫಾದರ್ ಕಾನ್ರಾರ್ಡಿ, ಅದೇ ವರ್ಷ ನವೆಂಬರಿನಲ್ಲಿ ಫ್ರಾನ್ಸಿಸ್ಕನ್ ಸಹೋದರಿಯರೊಂದಿಗೆ ಮದರ್ ಮೇರಿಯಾನ್ ಕೋಪ್. ಮದರ್ ಮೇರಿಯಾನ್ 2012ರಲ್ಲಿ ಸಂತಪದವಿಗೇರಿದರು.

1888ರ ಡಿಸೆಂಬರಿನಲ್ಲಿ ಬಂದ ಅತಿಥಿಗೂ ನಮ್ಮ ದೇಶಕ್ಕೂ ಸಂಬಂಧವಿದೆ. ಇಂಗ್ಲೆಂಡಿನ ಚಿತ್ರಕಾರ ಎಡ್ವರ್ಡ್ ಕ್ಲಿಫರ್ಡ್ ಭಾರತದ ಪ್ರವಾಸ ಮುಗಿಸಿ ಹೋದವರು. ಅವರ ಪುಸ್ತಕದ ಹೆಸರಿನಲ್ಲೇ ಕಾಶ್ಮೀರ ಇದೆ. ಅಂಡಮಾನಿನಲ್ಲಿ ಕುಷ್ಠಕ್ಕೆ ಬಳಸುತ್ತಿದ್ದ ಗರ್ಜನ್ ಮರದ ಎಣ್ಣೆಯನ್ನು ಅವರು ಡೇಮಿಯನ್ ಅವರಿಗಾಗಿ ತಂದಿದ್ದರು. ಕ್ಲಿಫರ್ಡ್ ಫಾದರ್ ಅವರನ್ನು ಎದುರಿಗೆ ಕೂರಿಸಿಕೊಂಡು ಚಿತ್ರ ಬರೆದರು. ಮುಗಿಯುತ್ತ ಬಂದ ಚಿತ್ರವನ್ನು ನೋಡಿ ಡೇಮಿಯನ್ ಅವರು ತನ್ನ ಮುಖ ಇಷ್ಟು ವಿಕಾರವಾಗಿದೆಯೆಂದು ಗೊತ್ತೇ ಇರಲಿಲ್ಲ ಎಂದರಂತೆ. ಆ ಊರಿನಲ್ಲಿ ಕನ್ನಡಿಗೆ ಬೇಡಿಕೆ ಇರಲಿಲ್ಲ. ತಮ್ಮ ಮುಖವನ್ನು ಅವರು ಕಂಡದ್ದು ಲೋಕಕ್ಕೆ ಕಾಣಿಸಲಿದ್ದ ಚಿತ್ರದಲ್ಲಿ.

1889ರ ಏಪ್ರಿಲ್ 15, ಪವಿತ್ರ ವಾರದ ಸೋಮವಾರ, ಫಾದರ್ ಡೇಮಿಯನ್ ತೀರಿಕೊಂಡರು. 49 ವರ್ಷ. ಮೊದಲ ರಾತ್ರಿಗಳನ್ನು ಕಳೆದ ಮರದಡಿಯಲ್ಲೇ ಮಣ್ಣು ಮಾಡಿದರು.

ಸತ್ತ ಮೇಲೆ ಜಗಳ ಶುರುವಾಯಿತು. ಹೊನೊಲುಲುವಿನ ಪ್ರೊಟೆಸ್ಟಂಟ್ ಪಾದ್ರಿ ಚಾರ್ಲ್ಸ್ ಹೈಡ್ ಅವರು ಗೆಳೆಯರೊಬ್ಬರಿಗೆ ಬರೆದ ಖಾಸಗಿ ಪತ್ರ ಸಿಡ್ನಿಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಡೇಮಿಯನ್ ಒರಟ, ಕೊಳಕ, ಹಟಮಾರಿ. ನಡತೆಯೂ ಸರಿಯಿರಲಿಲ್ಲ, ರೋಗ ಬಂದದ್ದೂ ಅದರಿಂದಲೇ ಎಂಬುದು ಅದರ ತಿರುಳು. ಕುಷ್ಠವು ಕೆಟ್ಟ ನಡತೆಯಿಂದ ಬರುತ್ತದೆಂಬ ತಪ್ಪು ತಿಳಿವಳಿಕೆ ಆಗ ವಿದ್ಯಾವಂತರಲ್ಲೂ ಇತ್ತು. ಸ್ಕಾಟ್ಲೆಂಡಿನ ಪ್ರಸಿದ್ಧ ಲೇಖಕ ರಾಬರ್ಟ್ ಲೂಯಿ ಸ್ಟೀವನ್ಸನ್ ಅವರು ಡೇಮಿಯನ್ ಸತ್ತ ಮರುತಿಂಗಳೇ ಕಲೌಪಪದಲ್ಲಿ ಒಂದು ವಾರ ಇದ್ದು ಬಂದಿದ್ದರು. ಅವರೂ ಕಥೋಲಿಕರಲ್ಲ. 1890ರ ಫೆಬ್ರವರಿಯಲ್ಲಿ ಸಿಡ್ನಿಯಿಂದಲೇ ಬಹಿರಂಗ ಪತ್ರ ಬರೆದು ಹೈಡ್ ಅವರ ಮಾತುಗಳನ್ನು ಒಂದೊಂದಾಗಿ ಬಿಡಿಸಿದರು. ವಿಶೇಷವೆಂದರೆ ಒರಟುತನ, ಹಟ, ಕೊಳಕು ಇತ್ಯಾದಿಗಳನ್ನು ಅವರು ಮುಚ್ಚಿಡಲಿಲ್ಲ. ಅಲ್ಲಿನವರ ಬಾಯಿಂದಲೇ ಕೇಳಿದ ದೋಷಗಳನ್ನೂ ಬರೆದರು. ದೋಷಗಳಿದ್ದ ಮನುಷ್ಯನೇ ಇಷ್ಟು ಮಾಡಿದ ಎಂಬುದು ಅವರ ವಾದ. ಸ್ಟೀವನ್ಸನ್ ಅಲ್ಲಿದ್ದಾಗ ಹುಡುಗಿಯರೊಂದಿಗೆ ಕ್ರೋಕೆ ಆಡಿದರು, ಆಮೇಲೆ ಅವರಿಗೊಂದು ಪಿಯಾನೊ ಕಳಿಸಿದರು. ಪತ್ರಕ್ಕಿಂತ ಆ ಪಿಯಾನೊ ನನಗೆ ಹೆಚ್ಚು ಇಷ್ಟ. ಅದು ಹುಡುಗಿಯರಿಗಾಗಿ ಬಂದದ್ದು.

ಬ್ರಿಟನ್ನಿನಲ್ಲಿ ಯುವರಾಜರ ಮುಂದಾಳತ್ವದಲ್ಲಿ ಡೇಮಿಯನ್ ಸ್ಮಾರಕ ನಿಧಿ ಕೂಡಿತು. ಅದರಿಂದ ಕಲೌಪಪದಲ್ಲಿ ಒಂದು ಶಿಲುಬೆ ನಿಂತಿತು. ಭಾರತಕ್ಕೆ ಒಂದು ಕುಷ್ಠ ಆಯೋಗವೂ ಬಂತು. 1890–91ರಲ್ಲಿ ದೇಶ ಸುತ್ತಿದ ಆ ಆಯೋಗ, ರೋಗ ಅಷ್ಟು ಸುಲಭವಾಗಿ ಅಂಟುವುದಿಲ್ಲ, ಬಲವಂತವಾಗಿ ಕೂಡಿಹಾಕುವ ಅಗತ್ಯವಿಲ್ಲ ಎಂದು ವರದಿ ಕೊಟ್ಟಿತು. ಆದರೂ 1898ರಲ್ಲಿ ಬ್ರಿಟಿಷ್ ಸರಕಾರ ಕುಷ್ಠರೋಗಿಗಳ ಕಾಯ್ದೆ ತಂದು, ಬೀದಿಯಲ್ಲಿ ಭಿಕ್ಷೆ ಬೇಡುವ ರೋಗಿಗಳನ್ನು ಹಿಡಿದು ಕೂಡಿಹಾಕಲು ಅವಕಾಶ ಮಾಡಿಕೊಂಡಿತು. ಕಣ್ಣಿಗೆ ಬೀಳಬಾರದು, ಅಷ್ಟೆ. ಆ ಕಾಯ್ದೆ ರದ್ದಾದದ್ದು 2016ರಲ್ಲಿ! ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಲ್ಲಿಯೂ ಕುಷ್ಠವು ವಿಚ್ಛೇದನಕ್ಕೆ ಕಾರಣವಾಗಿ ಉಳಿದಿತ್ತು. ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಬಹುಔಷಧಿ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿ ಆಗಲೇ 37 ವರ್ಷವಾಗಿತ್ತು. ಕುಷ್ಠದಿಂದ ಗುಣಮುಖರಾದವರನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಗುಣವಾದ ಮೇಲೂ ಬೆರಳಿನ ಊನ ಉಳಿಯುತ್ತದೆ, ಜನರ ನೋಟವೂ ಉಳಿಯುತ್ತದೆ.

ನಮ್ಮ ಮಂಗಳೂರಿನಲ್ಲೂ ಡೇಮಿಯನ್ ತೀರಿದ ಆಸುಪಾಸಿನ ವರ್ಷಗಳಲ್ಲೇ ಜೆಸ್ವಿತ್ ಗುರು ಅಗಸ್ಟಸ್ ಮುಲ್ಲರ್ ಅವರು ಕಂಕನಾಡಿಯಲ್ಲಿ ಕುಷ್ಠ ಪೀಡಿತರಿಗಾಗಿ ಆಶ್ರಯ ತೆರೆದರು. ಅದರ ಕಥೆ ಬೇರೆಯೇ ಒಂದು ಲೇಖನಕ್ಕೆ ವಸ್ತು.

ಮೊಲೊಕಾಯಿಯ ಜನರ ಚಿತ್ರಣ ಡೇಮಿಯನ್ ನಂತರವೂ ಹಾಗೇ ಮುಂದುವರಿಯಿತು. 1907ರಲ್ಲಿ ಲೇಖಕ ಜ್ಯಾಕ್ ಲಂಡನ್ ದಂಪತಿ ಅಲ್ಲಿಗೆ ಹೋದರು. ಜುಲೈ 4ರ ಹಬ್ಬದಲ್ಲಿ ರೋಗಿಗಳು ಕುದುರೆ ಓಡಿಸಿ ಕೇಕೆ ಹಾಕುವುದನ್ನು ಕಂಡು, ಇವರೂ ನಮ್ಮಂತೆ ಬದುಕುವವರೆಂದು ಲೇಖನ ಬರೆದರು. ಹವಾಯಿ ಜನರಿಗೆ ಸಂತೋಷವಾಯಿತು. ಆದರೆ ಅವರೇ ಮುಂದೆ ಬರೆದ ಸಣ್ಣಕಥೆಗಳಲ್ಲಿ ಅದೇ ಹಳೆಯ ಭಯಾನಕ ಮುಖಗಳು ಬಂದವು. ಮಾರಾಟವಾಗುವುದು ಅದು ತಾನೆ. ನಾವು ಪವಿತ್ರ ವಾರದಲ್ಲಿ ಪ್ರೊಜೆಕ್ಟರ್ ಹಾಕಿ ನೋಡಿದ ಬೆನ್‌ಹರ್ ಸಿನಿಮಾದಲ್ಲೂ ರೋಗಿಗಳ ಕಣಿವೆ ಹೆದರಿಸಲೆಂದೇ ಇರುವಂಥದು. ಇಷ್ಟೇಕೆ, ಪಾಪವೆಂಬ ಕುಷ್ಠ, ಲಂಚವೆಂಬ ಕುಷ್ಠ ಎಂದು ನಮ್ಮ ಪ್ರಬೋಧನೆಗಳಲ್ಲಿ ಎಷ್ಟು ಸಲ ಕೇಳಿಲ್ಲ? ಕೆಳಗೆ ಬೆಂಚಿನಲ್ಲಿ ಆ ರೋಗದಿಂದ ಗುಣವಾದ ಒಬ್ಬರು ಕುಳಿತಿರಬಹುದೆಂದು ಹೇಳುವವರಿಗೆ ಹೊಳೆಯುವುದಿಲ್ಲ.

1936ರಲ್ಲಿ ಬೆಲ್ಜಿಯಂ ಸರಕಾರ ಡೇಮಿಯನ್ ಅವರ ಪಾರ್ಥಿವ ಶರೀರವನ್ನು ತರಿಸಿಕೊಂಡಿತು. ಆಂಟ್ವರ್ಪ್ ಬಂದರಿನಲ್ಲಿ ಅರಸ ಲಿಯೊಪೋಲ್ಡ್ ಅವರೇ ಸ್ವಾಗತಿಸಿದರು, ಜನಸಾಗರ ಸೇರಿತ್ತು. ಕಲೌಪಪದ ಜನ ತಮ್ಮ ಫಾದರನ್ನು ಒಯ್ಯುವುದನ್ನು ನೋಡುತ್ತ ಅತ್ತರು. ಅವರನ್ನು ಯಾರು ಕೇಳಬೇಕು?

1969ರಲ್ಲಿ ಅಮೆರಿಕದ ಸಂಸತ್ ಭವನದಲ್ಲಿ ಹವಾಯಿ ರಾಜ್ಯದ ಪರವಾಗಿ ಡೇಮಿಯನ್ ಅವರ ಪ್ರತಿಮೆ ಇಡಲಾಯಿತು. ಮಾರಿಸೋಲ್ ಎಂಬ ಶಿಲ್ಪಿ ಆರಿಸಿಕೊಂಡದ್ದು ಯೌವನದ ಚಿತ್ರವನ್ನಲ್ಲ, ಕೊನೆಯ ವರ್ಷದ ಚಿತ್ರಗಳನ್ನು. ದಪ್ಪ ಚೌಕದಂಥ ಮೈ, ಕನ್ನಡಕ, ಊದಿದ ಮುಖ. ಸಾಕಷ್ಟು ವಿರೋಧ ಬಂತು. ಸುಂದರ ಪ್ರತಿಮೆ ಬೇಕೆಂದವರಿದ್ದರು. ಹವಾಯಿಯವರು ಹಿಂದೆ ಸರಿಯಲಿಲ್ಲ. ಅದರದೇ ಇನ್ನೊಂದು ಪ್ರತಿ ಹೊನೊಲುಲುವಿನ ಶಾಸನಸಭೆಯ ಎದುರು ನಿಂತಿದೆ. ಜನ ಅದಕ್ಕೆ ಹೂಮಾಲೆ ಹಾಕುತ್ತಾರೆ. ಅದೇ 1969ರಲ್ಲಿ ಪ್ರತ್ಯೇಕತೆಯ ಕಾನೂನು ಕೊನೆಗೊಂಡಿತು. ಎಲ್ಲಿಗೆ ಬೇಕಾದರೂ ಹೋಗಬಹುದೆಂದಾಗ ಅನೇಕರು ಅಲ್ಲೇ ಉಳಿದರು. ಅಷ್ಟರಲ್ಲಿ ಅದು ಅವರ ಊರಾಗಿತ್ತು.

ಆಮೇಲೆ ಅಲ್ಲಿನವರೇ ಮಾತಾಡತೊಡಗಿದರು. ಒಲಿವಿಯಾ ಬ್ರೈತಾ ಎಂಬ ಮಹಿಳೆ 1988ರಲ್ಲಿ ತಮ್ಮ ಗಡಿಪಾರಿನ ಬದುಕಿನ ಆತ್ಮಕಥೆ ಪ್ರಕಟಿಸಿದರು. 1999ರಲ್ಲಿ ಪಾಲ್ ಕಾಕ್ಸ್ ನಿರ್ದೇಶನದ ಡೇಮಿಯನ್ ಸಿನಿಮಾ ಕಲೌಪಪದಲ್ಲೇ ಚಿತ್ರೀಕರಣವಾಯಿತು. ಡೇವಿಡ್ ವೆನ್‌ಹ್ಯಾಮ್ ಫಾದರ್ ಪಾತ್ರ ಮಾಡಿದರು, ಊರಿನವರೂ ಅದರಲ್ಲಿ ಕಾಣಿಸಿಕೊಂಡರು. ಅಲ್ಲಿಗೆ ಕಳಿಸಲ್ಪಟ್ಟ ಸುಮಾರು 8,000 ಜನರ ಹೆಸರುಗಳನ್ನು ಕೆತ್ತಿದ ಸ್ಮಾರಕ ಬೇಕೆಂದು ಊರಿನವರು ಮತ್ತು ಅವರ ವಂಶಸ್ಥರು ಕೇಳಿದರು. 2009ರ ಮಾರ್ಚಿನಲ್ಲಿ ಅಮೆರಿಕದ ಸಂಸತ್ತು ಅದಕ್ಕೆ ಒಪ್ಪಿಗೆ ಕೊಟ್ಟಿತು.

ಜಗದ್ಗುರು ಎರಡನೆಯ ಜಾನ್ ಪಾವ್ಲರು 1995ರ ಜೂನ್ 4ರಂದು ಬ್ರಸೆಲ್ಸಿನಲ್ಲಿ ಡೇಮಿಯನ್ ಅವರನ್ನು ಪುನೀತರೆಂದು ಘೋಷಿಸಿದರು. 2009ರ ಅಕ್ಟೋಬರ್ 11ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಸಂತಪದವಿಗೇರಿಸಿದರು. ಆ ದಿನ ಕಲೌಪಪದಿಂದ ಬಂದ ಹನ್ನೊಂದು ಮಂದಿ ಮಾಜಿ ರೋಗಿಗಳು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಇದ್ದರು. ಹೆಚ್ಚಿನವರು ವೃದ್ಧರು. ಲೋಕದ ಎಲ್ಲ ಕ್ಯಾಮೆರಾಗಳೂ ಅಲ್ಲಿದ್ದವು, ಅವರು ಯಾರಿಗೂ ಮುಖ ಮುಚ್ಚಿಕೊಳ್ಳಲಿಲ್ಲ.

1995ರಲ್ಲೇ ಇನ್ನೊಂದು ನಡೆದಿತ್ತು. ಕಲೌಪಪದವರ ಬೇಡಿಕೆಗೆ ಮಣಿದು ಲೂವೆನ್ನಿನ ಸಮಾಧಿಯಿಂದ ಡೇಮಿಯನ್ ಅವರ ಬಲಗೈಯ ಅವಶೇಷವನ್ನು ಮರಳಿ ಕಳಿಸಲಾಯಿತು. ಊರಿನವರು ಅದನ್ನು ಕಲಾವಾವೊಗೆ ಕೊಂಡೊಯ್ದು, ಸಂತ ಫಿಲೋಮಿನಾ ಇಗರ್ಜಿಯ ಪಕ್ಕದ ಹಳೆಯ ಸಮಾಧಿಯಲ್ಲಿ ಇಟ್ಟರು.